ಮಳಿಯ ಮಾತು, ತಂಗಳ ಮಾತು

ನಮ್ಮ ಸ್ಟಾಫ್ ರೂಮಿನಲ್ಲಿ ಹಿರಿಯ ಶಿಕ್ಷಕರೊಬ್ಬರು ಒಮ್ಮೆ ನಗುತ್ತ ಅಂದಿದ್ದರು: “ನಿಮ್ಮ ಹೆಣ್ಮಕ್ಕಳ ಮಾತಿಗೆ ಎರಡೇ ವಿಷಯ ನೋಡ್ರಿ. ಹೊರಗ ಮಳಿ, ಒಳಗ ಅಡಿಗಿ.” ನಾವೂ ನಕ್ಕೆವು. ಉತ್ತರ ಕೊಡಬೇಕೆಂದು ಯಾರಿಗೂ ಅನಿಸಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪದ್ಯದ ಸ್ವಾರಸ್ಯ ಬಿಡಿಸಿ ಹೇಳುತ್ತ ಬಂದವಳು ನಾನು. ಆ ಎರಡು ವಿಷಯದ ಮಾತನ್ನೂ ಪದ್ಯದ ಹಾಗೆಯೇ ಬಿಡಿಸಿ ನೋಡಿದರೆ ಏನು ಸಿಕ್ಕೀತು ಎಂದು ಈಗ ಅನಿಸಿದೆ. ತಡವಾಗಿ ಕೊಟ್ಟ ಉತ್ತರ ಎಂದುಕೊಳ್ಳಿ.

ಮೊದಲು ಮೂಲಪಾಠ. ಮೇ ತಿಂಗಳ ಒಂದು ಸಂಜೆ, ಶಿವಬಸವ ನಗರದ ನಮ್ಮ ಓಣಿ. ಅಡ್ಡಮಳಿ ಈಗಷ್ಟೇ ಬಡಿದು ಹೋಗಿದೆ, ಕರೆಂಟಿಲ್ಲ. ಗೇಟಿನ ಹತ್ತಿರ ಮೂವರು ನಿಂತಿದ್ದೇವೆ: ಸವದತ್ತಿ ಕಡೆಯ ಎದುರುಮನೆ ವೈನಿ, ನನ್ನ ಜೊತೆ ಕಲಿಸುವ ಖಾನಾಪುರದ ಗೆಳತಿ, ಮತ್ತು ನಾನು.

“ಏನ್ ಗಾಳಿ ಬಿಡ್ರೀ ಬಾಯಾರ! ಒಣಾ ಹಾಕಿದ ಸೀರಿ ಹಿಂದಿನ ಮನಿ ತೆಂಗಿನ ಗಿಡಕ್ಕ ಹೋಗಿ ಕುಂತೈತಿ.”

“ಆಣಿಕಲ್ಲು ಬಿದ್ದೂವೇನ್ರಿ?”

“ಬಿದ್ದೂವು, ನಾಕ. ಅದಿರ್ಲಿ, ಈ ತಂಪಿಗೆ ನನ್ನ ಕಟಕ ರೊಟ್ಟಿ ಎಲ್ಲಾ ಮೆತ್ತಗಾದ್ವು ನೋಡ್ರಿ.”

“ಹಂಚಿನ ಮ್ಯಾಲೆ ಬಿಸಿ ಮಾಡ್ರಿ, ಮತ್ತ ಕಟಕ ಆಗ್ತಾವು. ಆಗ್ಲಿಲ್ಲಂದ್ರ ಮುರದು, ಮಜ್ಜಿಗ್ಯಾಗ ನೆನಿ ಹಾಕಿ ಒಗ್ಗರಣಿ ಕೊಡ್ರಿ.”

“ನಿಮಗ ರೊಟ್ಟಿ ಚಿಂತಿ. ನಮಗ ಅನ್ನದ್ದು. ಫ್ರಿಜ್ ಬಂದಾದ್ರ ಮುಂಜಾನಿತನಾ ತಡಿಯೂದಿಲ್ಲ.”

ಇಷ್ಟೇ. ಸೀರೆಯಿಂದ ಆಣಿಕಲ್ಲಿಗೆ, ಆಣಿಕಲ್ಲಿನಿಂದ ರೊಟ್ಟಿಗೆ ಮಾತು ಹಾರಿತು. ಆ ಶಿಕ್ಷಕರು ಕೇಳಿದ್ದರೆ ಇದಕ್ಕೆ ತಲೆಬುಡವಿಲ್ಲ ಎನ್ನುತ್ತಿದ್ದರು. ಆದರೆ ಕಡೆಯ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಖಾನಾಪುರ ಸಹ್ಯಾದ್ರಿಯ ಮಗ್ಗುಲಿನ ತಾಲೂಕು. ಅಲ್ಲಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಮಳೆ ಧಾರಾಳ, ಆದ್ದರಿಂದ ಭತ್ತ, ಆದ್ದರಿಂದ ಅನ್ನ. ಅದೇ ಹೊಳೆಯ ಜೊತೆ ಮೂಡಲಕ್ಕೆ ಸವದತ್ತಿಯತನಕ ಹೋದರೆ ಮಳೆ ಕಡಿಮೆ, ಆದ್ದರಿಂದ ಜೋಳ, ಆದ್ದರಿಂದ ರೊಟ್ಟಿ. ಒಣಗಿದ ರೊಟ್ಟಿ ವಾರಗಟ್ಟಲೆ ಇರುತ್ತದೆ, ಅನ್ನ ಒಂದು ರಾತ್ರಿ ದಾಟುವುದೇ ಕಷ್ಟ. ಮನೆಯಲ್ಲಿ ಏನು ಉಳಿಯುತ್ತದೆ, ಉಳಿದದ್ದು ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ಆ ಸೀಮೆಯ ಮಳೆಯೇ ತೀರ್ಮಾನಿಸುತ್ತದೆ. ಹಾಗಾದರೆ ನಮ್ಮ ವಿಷಯ ಎರಡು ಎಲ್ಲಿ? ಅದು ಒಂದೇ.

ಹಿಂದಿನವರು ಇದನ್ನು ಹಗುರವಾಗಿ ಕಂಡಿರಲಿಲ್ಲ. 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರು ಹುಡುಕುವ ಬಗೆಯೂ ಇದೆ, ಅಡಿಗೆಯೂ ಇದೆ. ಎರಡಕ್ಕೂ ಒಂದೇ ಪುಸ್ತಕದಲ್ಲಿ ಜಾಗ. ನೂರಕ್ಕೂ ಹೆಚ್ಚು ವರ್ಷದ ನಂತರದ ಕಲ್ಯಾಣಕ್ಕೆ ಬನ್ನಿ. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಇಷ್ಟು ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಆ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಎಷ್ಟು ಬೇಕು, ಎಷ್ಟು ಉಳಿಯಬಾರದು ಎಂಬ ಅಡಿಗೆಮನೆಯ ಲೆಕ್ಕವೇ ಅವಳ ಬಾಯಲ್ಲಿ ಧರ್ಮದ ಮಾತಾಯಿತು.

ಸಾಹಿತ್ಯದಲ್ಲಿ ಹರಟೆಗೆ ಮರ್ಯಾದೆ ಇಲ್ಲವೆಂದೂ ಅಲ್ಲ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಬಂತು. ಗೊರೂರರ ಬರಹಗಳನ್ನು ನಾವೆಲ್ಲ ಓದಿ ನಕ್ಕು ಬೆಳೆದೆವು. ಅವರ ಮೇಲೆ ನನಗೆ ಪ್ರೀತಿ ಬಹಳ. ಆದರೆ ಲಲಿತ ಪ್ರಬಂಧದಲ್ಲಿ ಒಬ್ಬರೇ ಮಾತಾಡುತ್ತಾರೆ, ಓದುವವರು ನಡುವೆ ಬಾಯಿ ಹಾಕುವಂತಿಲ್ಲ. ಗೇಟಿನ ಮಾತಿನಲ್ಲಿ ವಾಕ್ಯ ಯಾರೊಬ್ಬರದೂ ಅಲ್ಲ. ಒಬ್ಬಾಕೆ ಎತ್ತುತ್ತಾಳೆ, ಇನ್ನೊಬ್ಬಾಕೆ ಮುಗಿಸುತ್ತಾಳೆ. ಅದನ್ನು ಬರೆದಿಟ್ಟವರು ಕಡಿಮೆ. ಪುಸ್ತಕದಲ್ಲಿ ಇಲ್ಲದ್ದರಿಂದ ಅದು ಬರೇ ಹರಟೆಯಾಗಿ ಉಳಿಯಿತು.

ವಿಮರ್ಶೆ ಎಂದ ಮೇಲೆ ದೋಷವನ್ನೂ ಹೇಳಬೇಕು. ಮೆತ್ತಗಾದ ರೊಟ್ಟಿಗೆ, ಉಳಿದ ಚಪಾತಿಗೆ, ತಂಗಳನ್ನಕ್ಕೆ ನಮ್ಮ ಹತ್ತಿರ ಹತ್ತು ಉಪಾಯಗಳಿವೆ. ಅದನ್ನು ಯಾರು ಉಣ್ಣುತ್ತಾರೆ ಎಂಬುದನ್ನು ಮಾತ್ರ ನಾವು ಆಡುವುದಿಲ್ಲ. ಯಜಮಾನರ ತಾಟಿಗೆ ಬಿಸಿ ರೊಟ್ಟಿ, ಮಕ್ಕಳ ಡಬ್ಬಿಗೆ ಬಿಸಿ ಚಪಾತಿ, ತಂಗಳ ನಮಗೆ. “ಚೆಲ್ಲಾಕ ಮನಸಾಗೂದಿಲ್ರೀ” ಎಂಬ ಮಾತಿನಲ್ಲಿ ಅನ್ನದ ಮೇಲಿನ ಗೌರವ ಇದೆ, ಸರಿ. ತನ್ನ ಹೊಟ್ಟೆಯ ಬಗ್ಗೆ ಒಂದು ಅಸಡ್ಡೆಯೂ ಅದರಲ್ಲಿ ಸೇರಿಕೊಂಡಿದೆ. ಬೆಂದ ಅನ್ನ ಬಹಳ ಹೊತ್ತು ಹೊರಗೇ ಉಳಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷವಾಗಬಹುದು, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದಿರಬಹುದು. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳುತ್ತೇವೆ. ಮನೆಗೆ ಬಂದು ಮೂಸಿ ನೋಡಿ, “ಏನೂ ಆಗಿಲ್ಲ ಬಿಡು” ಎಂದು ನಾವೇ ಉಣ್ಣುತ್ತೇವೆ. ಮಿತವ್ಯಯದ ಹೊರೆಯನ್ನು ಮನೆಯಲ್ಲಿ ಒಬ್ಬಳೇ ಹೊರಬೇಕೆಂದು ಲಕ್ಕಮ್ಮ ಹೇಳಿರಲಿಲ್ಲ. ಅವಳು ತಿದ್ದಿದ್ದು ಗಂಡನನ್ನು.

ಇನ್ನೊಂದು ದೋಷ ಮಾತಿನದಲ್ಲ, ಕೇಳಿದವಳದು. ಅದು ನನ್ನದು.

2019ರ ಆಗಸ್ಟ್ ಮೊದಲ ವಾರ. ಆ ಮಳೆಯನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಮಾರ್ಕಂಡೇಯ ಎಲ್ಲ ಒಮ್ಮೆಲೆ ಉಕ್ಕಿದವು. ಶಾಲೆಗಳಿಗೆ ರಜೆ. ಒಂದು ರಾತ್ರಿ ಖಾನಾಪುರದಿಂದ ಇದೇ ಗೆಳತಿಯ ಫೋನ್ ಬಂತು. ಮಳೆಯ ಮಾತಾಯಿತು, ಕರೆಂಟಿನ ಮಾತಾಯಿತು. ನಂತರ ಅವರು ಅಂದರು: “ಅನ್ನ ಭಾಳ ಉಳದೈತ್ರೀ ಬಾಯಾರ. ಏನ ಮಾಡ್ಲಿ?”

ನಾನು ಹೇಳಿದೆ: “ಮುಂಜಾನೆ ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಶೇಂಗಾ ಹುರದು ಚಿತ್ರಾನ್ನ ಮಾಡ್ರಿ. ನಿಂಬಿಹಣ್ಣಿಲ್ಲಂದ್ರ ಹುಣಸಿಹಣ್ಣು.” ಸ್ವಲ್ಪ ಸುಮ್ಮನಿದ್ದು, “ಆತ್ರಿ” ಎಂದು ಫೋನ್ ಇಟ್ಟರು.

ಎರಡು ದಿನದ ನಂತರ ತಿಳಿಯಿತು. ಅಂದು ಮುಂಜಾನೆ ಅವರ ಯಜಮಾನರೂ ಮಗನೂ ಹೊಳೆಯಾಚೆಯ ಹೊಲಕ್ಕೆ ಹೋದವರು ನೀರೇರಿ ದಾರಿ ಬಂದಾಗಿ ಅಲ್ಲೇ ಸಿಕ್ಕಿಕೊಂಡಿದ್ದರು. ಅವರ ಫೋನ್ ಹತ್ತುತ್ತಿರಲಿಲ್ಲ. ಮೂವರಿಗೆಂದು ಇಟ್ಟ ಅನ್ನ ಹಾಗೇ ಉಳಿದಿತ್ತು. ಇಬ್ಬರೂ ಸುರಕ್ಷಿತವಾಗಿ ಮರಳಿದರು, ಅದು ದೊಡ್ಡದು. ಆದರೆ ಆ ರಾತ್ರಿ ಗೆಳತಿ ಒಬ್ಬರೇ ಕಂದೀಲು ಇಟ್ಟುಕೊಂಡು ಬಾಗಿಲಲ್ಲಿ ಕುಂತಿದ್ದರು. ಗಾಬರಿಯಾಗಿದೆ ಎಂದು ನೇರ ಹೇಳಿದರೆ ಎಲ್ಲಿ ಅದು ನಿಜವಾಗಿಬಿಡುತ್ತದೋ ಎಂದು ಅನ್ನದ ಮಾತು ಎತ್ತಿದ್ದರು. ನಾನು ಅವರಿಗೆ ಶೇಂಗಾ ಹುರಿಯಲು ಹೇಳಿದ್ದೆ.

ಆನಂದವರ್ಧನನ ಧ್ವನಿ ಎಂದರೇನು ಎಂದು ಬಿ.ಎ. ಪರೀಕ್ಷೆಯಲ್ಲಿ ಎರಡು ಪುಟ ಬರೆದವಳು ನಾನು. ಹೇಳಿದ್ದಕ್ಕಿಂತ ಹೇಳದೆ ಹೊಳೆಯುವ ಅರ್ಥ ದೊಡ್ಡದು ಎಂದು ಬಾಯಿಪಾಠ ಮಾಡಿದ್ದೆ. ‘ಅನ್ನ ಉಳದೈತಿ’ ಎಂದರೆ ‘ಉಣ್ಣುವವರು ಬಂದಿಲ್ಲ’ ಎಂದು ನನಗೆ ಹೊಳೆಯಲಿಲ್ಲ. ನಮ್ಮ ಮಾತನ್ನು ಬರೇ ಅಡಿಗಿ ಎಂದು ಕೇಳಿದ್ದು ಆ ಶಿಕ್ಷಕರೊಬ್ಬರೇ ಅಲ್ಲ, ನಾನೂ ಹಾಗೇ ಕೇಳಿದ್ದೆ. ಗೆಳತಿ ಇಂದಿಗೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಆದ್ದರಿಂದ ಮೇ ತಿಂಗಳ ಆ ಸಂಜೆ, ಅನ್ನ ಮುಂಜಾನಿತನಾ ತಡೆಯುವುದಿಲ್ಲ ಎಂದು ಅವರು ಅಂದಾಗ ನಾನು ಉಪಾಯ ಹೇಳಲಿಲ್ಲ. “ಇವತ್ತ ಮನ್ಯಾಗ ಎಲ್ಲಾರೂ ಅದಾರಿಲ್ರಿ?” ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. “ಅದಾರ್ರಿ,” ಅಂದರು, “ಎಲ್ಲಾರೂ ಅದಾರ.”

ವೈನಿ ಚಹಾಕ್ಕೆ ಒಳಗೆ ಕರೆದರು. ಮೆತ್ತಗಾದ ರೊಟ್ಟಿಯನ್ನು ಹಂಚಿನ ಮೇಲೆ ಬಿಸಿ ಮಾಡಿ, ಶೇಂಗಾ ಚಟ್ನಿ ಹಚ್ಚಿ ಮೂವರೂ ತಿಂದೆವು. ಆ ಹೊತ್ತಿಗೆ ಮನೆಗೆ ಬಂದ ಅವರ ಯಜಮಾನರ ತಾಟಿಗೂ ಅದೇ ರೊಟ್ಟಿ ಬಿತ್ತು.