ವಿಶ್ವವಿದ್ಯಾನಿಲಯವೂ ನಾಡಿನ ಏಕತ್ವವೂ

ಕರ್ನಾಟಕವೆಂಬ ಹೆಸರು ರಾಜ್ಯಕ್ಕಿಂತ ಮೊದಲೇ ಒಂದು ವಿಶ್ವವಿದ್ಯಾನಿಲಯಕ್ಕೆ ಸಂದಿತೆಂಬುದು ಗಮನಿಸತಕ್ಕ ಸಂಗತಿಯಾಗಿದೆ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಆ ಹೆಸರನ್ನಿಟ್ಟಾಗ ಕನ್ನಡನಾಡು ಒಂದಾಗಲು ಇನ್ನೂ ಏಳು ವರ್ಷಗಳಿದ್ದುವು. ಒಂದಾದ ನಾಡು ಆ ಹೆಸರನ್ನು ಪಡೆಯಲು 1973ರ ವರೆಗೆ ಕಾಯಬೇಕಾಯಿತು.

ಹಾಗೆಂದು ಏಕತ್ವವನ್ನು ವಿಶ್ವವಿದ್ಯಾನಿಲಯವೇ ನಿರ್ಮಿಸಿತೆನ್ನುವುದು ಅತ್ಯುಕ್ತಿಯು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಾಗ ವಿಜಾಪುರದಲ್ಲಿ ವಕೀಲರಾಗಿದ್ದರು; ಯಾವ ವಿದ್ಯಾಪೀಠದ ಆಶ್ರಯವೂ ಅವರಿಗಿರಲಿಲ್ಲ. ವಿಶ್ವವಿದ್ಯಾನಿಲಯವು ಮಾಡಿದುದು ಬೇರೊಂದು ಕಾರ್ಯವು: ಇಂತಹರು ಕೂಡಿಟ್ಟ ಸಾಹಿತ್ಯವನ್ನು ಪರಸ್ಪರ ಕಂಡರಿಯದ ಊರುಗಳ ಮಕ್ಕಳಿಂದ ಓದಿಸಿತು. ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯವನೂ ಕಾರವಾರದವನೂ ಒಂದೇ ಪಠ್ಯವನ್ನೋದಿ ಒಂದೇ ಪ್ರಶ್ನಪತ್ರಿಕೆಗೆ ಉತ್ತರ ಬರೆದರು. ಇದರ ಫಲವು ಸಭೆಗಳ ನಿರ್ಣಯಗಳ ಫಲಕ್ಕಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ.

ಆದರೆ ಪಠ್ಯವು ಕೂಡಿಸಿದಂತೆಯೇ ಕೆಲವನ್ನು ಬೇರ್ಪಡಿಸಿತು ಸಹ. ಹಲಗೇರಿಯಿರುವ ತಾಲ್ಲೂಕಿನಲ್ಲಿಯೇ, ತುಂಗಭದ್ರೆಯ ದಂಡೆಯ ಮೇಲೆ, ಚೌಡದಾನಪುರವಿದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರಿನೊಡನೆ ಬೆರೆತ ಊರಿದು. ಆತನ ನುಡಿಯ ಬಿರುಸು ಹೊಳೆಯನ್ನೂ ಹುಟ್ಟನ್ನೂ ಬಲ್ಲವನ ಬಿರುಸು. ತರಗತಿಯಲ್ಲಿ ಅದನ್ನು ಶರಣತತ್ತ್ವಕ್ಕೆ ಉದಾಹರಣೆಯಾಗಿ ಮಾತ್ರ ವಿವರಿಸಿದರೆ ತತ್ತ್ವವು ಉಳಿದೀತು, ಅಂಬಿಗನು ಕಾಣೆಯಾಗುವನು. 2011ರಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾದುದು ಸಂತೋಷದ ವಿಷಯವೇ. ಆದರೆ ಚೌಡಯ್ಯನ ವಚನವು ಒಂದು ವಿದ್ಯಾಪೀಠಕ್ಕೂ ಅದೇ ದಂಡೆಯ ಹಾಡು ಇನ್ನೊಂದಕ್ಕೂ ಪಾಲಾಗಿ ಹೋದರೆ, ಪಾಲಾದ ಮನೆಯಂತೆ ಎರಡೂ ಬಡವಾಗುವುವು.

1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ 2023ರಲ್ಲಿ ತನ್ನದೇ ವಿಶ್ವವಿದ್ಯಾನಿಲಯವೂ ಬಂದಿತು. ಸಮೀಪದಲ್ಲಿ ವಿದ್ಯೆ ದೊರೆಯುವ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೂ, ಹಿಂದೆ ಮುಂಬಯಿಯ ಕಡೆಗೂ ಬಳಿಕ ಧಾರವಾಡದ ಕಡೆಗೂ ನೋಡಿದ ಹಲಗೇರಿಯ ವಿದ್ಯಾರ್ಥಿಗೆ ಆ ಕಾರವಾರದ ಸಹಪಾಠಿಯು ಇನ್ನು ದೊರೆಯುವುದೆಲ್ಲಿ? ಪಠ್ಯಸಮಿತಿಗಳು ತಂತಮ್ಮ ಜಿಲ್ಲೆಯ ಕವಿಗಳನ್ನೇ ಆಯ್ದು ತೃಪ್ತವಾದರೆ ಕಾಗಿನೆಲೆಯ ಕನಕದಾಸರು ಹಾವೇರಿಯವರಾಗಿಯೂ ನಂದಳಿಕೆಯ ಮುದ್ದಣನು ಉಡುಪಿಯವನಾಗಿಯೂ ಉಳಿದಾರು. ಈ ವಿದ್ಯಾಪೀಠಗಳೆಲ್ಲ ಕೂಡಿ ಪದವಿ ತರಗತಿಗೆ ಒಂದಾದರೂ ಸಮಾನಪಠ್ಯವನ್ನು ಗೊತ್ತುಮಾಡಲಿ. ಅದರಲ್ಲಿ ಮುದ್ದಣನ ಪಕ್ಕದಲ್ಲಿ ಚೌಡಯ್ಯನಿರಲಿ. ಅವನ ವಚನಕ್ಕೆ ಟಿಪ್ಪಣಿ ಬರೆಯುವವರು ಮೊದಲು ಚೌಡದಾನಪುರಕ್ಕೆ ಹೋಗಿ, ಹೊಳೆಯ ದಂಡೆಯವರನ್ನು ಕೇಳಿ ಬರಲಿ.