ಕಂತುಕಂತಾಗಿ ಕಡಲು

ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಪಾಯಿಂಟ್ ರೇಯ್ಸ್ ಭೂಶಿರದಲ್ಲಿ ಪೆಸಿಫಿಕ್ ಸಾಗರ ನೋಡುವುದು ಕಷ್ಟದ ಕೆಲಸವೇನೂ ಅಲ್ಲ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಮರಳು ಸಿಗುವ ಕಡಲತೀರಗಳು ಅಲ್ಲಿವೆ. ಆದರೂ ನನ್ನ ಮನಸ್ಸು ಎಳೆಯುವುದು ವೈಲ್ಡ್‌ಕ್ಯಾಟ್ ಕ್ಯಾಂಪಿನ ಕಡೆಗೆ. ಬೇರ್ ವ್ಯಾಲಿಯಿಂದ ಹೊರಟರೆ ಅಲ್ಲಿಗೆ ಆರು ಮೈಲಿಗೂ ಮೇಲೆ, ಅಂದರೆ ಸುಮಾರು ಹತ್ತು ಕಿಲೋಮೀಟರ್ ನಡಿಗೆ. ಡೇರೆ, ಹೊದಿಕೆ, ಊಟ ಎಲ್ಲವನ್ನೂ ಬೆನ್ನ ಮೇಲೆ ಹೊತ್ತೇ ಹೋಗಬೇಕು. ಕಡಲನ್ನು ಇಷ್ಟು ಹದವಾಗಿ, ಒಂದೊಂದೇ ತುತ್ತಾಗಿ ಬಡಿಸುವ ಇನ್ನೊಂದು ದಾರಿಯನ್ನು ನಾನು ಕಂಡಿಲ್ಲ.

ಹಾದಿ ಶುರುವಾಗುವ ಜಾಗವೇ ವಿಶೇಷದ್ದು. ಸ್ಯಾನ್ ಆಂಡ್ರಿಯಾಸ್ ಬಿರುಕು ಹಾದುಹೋಗುವುದು ಇಲ್ಲೇ. 1906ರ ಭೂಕಂಪದಲ್ಲಿ ಇಲ್ಲಿನ ಬೇಲಿಯೊಂದು ತುಂಡಾಗಿ, ಅದರ ಎರಡು ತುದಿಗಳು 15 ಅಡಿಗೂ ಹೆಚ್ಚು ದೂರ ಸರಿದವು. ಬಿರುಕಿನ ಪಶ್ಚಿಮಕ್ಕಿರುವ ನೆಲ ಪೆಸಿಫಿಕ್ ಭೂಫಲಕದ ಮೇಲಿದೆ. ಅದು ಇಂದಿಗೂ ವಾಯವ್ಯಕ್ಕೆ ತೆವಳುತ್ತಲೇ ಇದೆ. ಚೀಲದ ಪಟ್ಟಿ ಬಿಗಿದು ನಡೆಯಲು ತೊಡಗಿದಾಗ ಸಾಗರದ ಸುಳಿವೇ ಇರುವುದಿಲ್ಲ, ಆದರೆ ಕಾಲು ಆಗಲೇ ಸಾಗರದ ಫಲಕದ ಮೇಲಿರುತ್ತದೆ. ಈ ವಿಷಯ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೊದಲ ಒಂದೂವರೆ ಮೈಲಿ ಬಹುಪಾಲು ನೆರಳು. ಎತ್ತರದ ಡಗ್ಲಸ್ ಫರ್ ಮರಗಳು, ಬುಡದಲ್ಲಿ ಜರೀಗಿಡ, ಪಕ್ಕದಲ್ಲಿ ಸಣ್ಣ ತೊರೆ. ಈ ತೊರೆ ನಮಗೆ ಎದುರಾಗಿ, ಕಡಲಿಗೆ ಬೆನ್ನು ಹಾಕಿ ಉತ್ತರಕ್ಕೆ ಹರಿಯುತ್ತದೆ. ಡಿವೈಡ್ ಮೆಡೋ ಎಂಬ ಹುಲ್ಲುಬಯಲು ಬಂತೆಂದರೆ ನೀರಿನ ಗಡಿ ಬಂದಂತೆ. ಬಯಲು ದಾಟಿದ ಮೇಲೆ ಸಿಗುವ ಕೋಸ್ಟ್ ಕ್ರೀಕ್ ನಾವು ಹೋಗುವ ದಿಕ್ಕಿಗೇ ಹರಿಯುತ್ತದೆ. ಕಣ್ಣಿಗೆ ಕಾಣದ ಕಡಲು ನೀರನ್ನು ತನ್ನತ್ತ ಕರೆಯುತ್ತಿದೆ ಎಂಬುದು ಇಲ್ಲಿ ಮೊದಲ ಸಲ ಗೊತ್ತಾಗುತ್ತದೆ. ಮುಂದೆ ಗ್ಲೆನ್ ದಾರಿ ಹಿಡಿದರೆ ಏರು. ಮಾತು ನಿಲ್ಲುತ್ತದೆ, ಹೆಗಲು ನೋಯುತ್ತದೆ. ಏರು ಮುಗಿಯುವಷ್ಟರಲ್ಲಿ ಗಾಳಿಯ ಗುಣವೇ ಬದಲಾಗಿರುತ್ತದೆ: ಕಾಡಿನ ಮಣ್ಣುವಾಸನೆಯೊಳಗೆ ಉಪ್ಪು, ಎಲೆಗಳ ಮರ್ಮರದ ಕೆಳಗೆ ಒಂದೇ ಸಮನೆ ಮೊರೆತ. ಆ ಸದ್ದು ಗಾಳಿಯದೋ ಅಲೆಯದೋ ಎಂದು ಗುರುತಿಸಲಾಗದ ಆ ಹತ್ತು ನಿಮಿಷ ಇಡೀ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಆಮೇಲೆ ಮರಗಳು ಸರಿದು, ಕುರುಚಲು ಪೊದೆಗಳ ಇಳಿಜಾರಿನಾಚೆ ಅಗಾಧವಾದ ನೀಲಿ ಎದುರಾಗುತ್ತದೆ. ಮತ್ತೊಂದು ತಿರುವಿನಲ್ಲಿ ಮರೆಯಾಗುತ್ತದೆ, ಮತ್ತೆ ಬರುತ್ತದೆ.

ಕ್ಯಾಂಪ್ ಎಂದರೆ ಕಡಲ ದಂಡೆಯ ಮೇಲಿನ ಒಂದು ತೆರೆದ ಹುಲ್ಲುಗಾವಲು, ಅಷ್ಟೇ. ಎಂಟು ತಾಣಗಳು: ಐದು ಸಣ್ಣವು, ಮೂರು ಗುಂಪುಗಳಿಗೆ. ತಾಣಕ್ಕೊಂದು ಮೇಜು, ಊಟದ ಸಾಮಾನಿಗೆ ಒಂದು ಕಬ್ಬಿಣದ ಪೆಟ್ಟಿಗೆ; ಎಲ್ಲರಿಗೂ ಸೇರಿ ನಲ್ಲಿ, ನೀರು ಹಾಯಿಸದ ಶೌಚಾಲಯ. ಕರೆಂಟಿಲ್ಲ, ಅಂಗಡಿಯಿಲ್ಲ. ಕಟ್ಟಿಗೆ ಉರಿಸುವಂತಿಲ್ಲ, ಅಡುಗೆ ಪುಟ್ಟ ಗ್ಯಾಸ್ ಸ್ಟೌವಿನ ಮೇಲೆ. ಪೆಟ್ಟಿಗೆಯ ಚಿಲಕ ಮರೆಯದೆ ಹಾಕಲೇಬೇಕು. ಇಲ್ಲಿನ ರಕೂನ್‌ಗಳ ಬೆರಳು ಬಲು ಚುರುಕು, ಚೀಲದ ಜಿಪ್ಪು ಅವಕ್ಕೆ ಲೆಕ್ಕಕ್ಕೇ ಇಲ್ಲ.

ಈ ಬರಿದುತನ ತಾನಾಗಿ ಉಳಿದು ಬಂದದ್ದಲ್ಲ. ಈ ಕರಾವಳಿಯಲ್ಲಿ ಮನೆಗಳ ಬಡಾವಣೆ ಏಳತೊಡಗಿದ್ದ ಕಾಲದಲ್ಲಿ ಜನ ಹೋರಾಡಿದರು. 1962ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕೆನಡಿ ಕಾಯಿದೆಗೆ ಸಹಿ ಹಾಕಿದ ಮೇಲೆ ಇದು ರಾಷ್ಟ್ರೀಯ ಕಡಲತೀರವಾಯಿತು. 1976ರಲ್ಲಿ ಇದರ ದೊಡ್ಡ ಭಾಗವನ್ನು ಕಾನೂನೇ ವನ್ಯಪ್ರದೇಶವೆಂದು ಕಾಪಿಟ್ಟಿತು. ಏನನ್ನೂ ಕಟ್ಟದೆ ಬಿಟ್ಟ ಆ ಜನರಿಗೆ ನಾನು ಮನಸಾರೆ ಋಣಿ. ಮೇಜಿನ ಮೇಲೆ ಕೂತು ನೋಡಿದರೆ ಕಣ್ಣಿಗೆ ಅಡ್ಡ ಬರುವುದು ಹುಲ್ಲಿನ ತುದಿ ಮಾತ್ರ.

ಊಟಕ್ಕೆ ಗೊಜ್ಜವಲಕ್ಕಿಗಿಂತ ಸರಿಯಾದದ್ದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತರಿತರಿ ಅವಲಕ್ಕಿಗೆ ಹುಣಸೆಪುಡಿ, ಬೆಲ್ಲ, ಸಾರಿನಪುಡಿ, ಹುರಿದ ಕಡಲೆಬೀಜ, ಕರಿಬೇವಿನ ಒಗ್ಗರಣೆ ಎಲ್ಲ ಮನೆಯಲ್ಲೇ ಬೆರೆಸಿ ತಂದರೆ ಹೊರೆಯೂ ಹಗುರ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಕಾಳು ಅರಳಿ, ಮುಚ್ಚಳ ತೆಗೆದಾಗ ಹುಳಿ-ಬೆಲ್ಲದ ಘಮ ಉಪ್ಪುಗಾಳಿಯೊಂದಿಗೆ ಬೆರೆಯುತ್ತದೆ. ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ ಈ ಸಾಮಗ್ರಿಗೆ ಬರವಿಲ್ಲ. ಹತ್ತು ಕಿಲೋಮೀಟರ್ ಹೊತ್ತು ತಂದವರ ನಾಲಿಗೆಗೆ ಅದರ ರುಚಿಯೇ ಬೇರೆ.

ಸಂಜೆ ಏನಾಗುತ್ತದೆ ಎನ್ನುವುದು ಕಾಲವನ್ನು ಅವಲಂಬಿಸಿದೆ. ವಸಂತ ಮತ್ತು ಬೇಸಿಗೆಯಲ್ಲಿ ವಾಯವ್ಯದ ಗಾಳಿ ಮೇಲ್ಪದರದ ನೀರನ್ನು ದಡದಿಂದ ದೂರ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಅದರ ಮೇಲೆ ಹಾಯುವ ಒದ್ದೆ ಗಾಳಿ ತಣಿದು ಮಂಜಾಗುತ್ತದೆ. ಸೂರ್ಯಾಸ್ತಕ್ಕೆಂದು ಬಂದವರು ಆಗ ನಿರಾಶರಾಗುವುದುಂಟು. ನಾನಂತೂ ಮಂಜಿನ ಪಕ್ಷ. ದೂರದ ಗೆರೆ ಮೊದಲು ಮಾಸುತ್ತದೆ, ಆಮೇಲೆ ಅಲೆಗಳ ಸಾಲು, ಆಮೇಲೆ ದಂಡೆಯ ಅಂಚು. ಕಡೆಗೆ ಪಕ್ಕದ ಡೇರೆಯೂ ಬೂದುಬಣ್ಣದ ನೆರಳು. ಹುಲ್ಲುಕಡ್ಡಿಯ ತುದಿಯಲ್ಲಿ ನೀರು ಕೂಡಿಕೊಂಡು, ಬಾಗಿ, ಉದುರಿ, ಕಡ್ಡಿ ಮತ್ತೆ ನೆಟ್ಟಗಾಗುವುದನ್ನು ಎಷ್ಟು ಹೊತ್ತು ನೋಡಿದರೂ ಬೇಸರವಿಲ್ಲ. ನಿಚ್ಚಳ ಆಕಾಶವೇ ಬೇಕೆನ್ನುವವರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಬೇಕು.

ರಾತ್ರಿ ನೆಲಕ್ಕೆ ಕಿವಿಯಿಟ್ಟು ಮಲಗಿದಾಗ ದೊಡ್ಡ ಅಲೆಯ ಪೆಟ್ಟು ಸದ್ದಿಗಿಂತ ಹೆಚ್ಚಾಗಿ ಅದುರಾಗಿ ಮೈಗೆ ಮುಟ್ಟುತ್ತದೆ. ಬೆಳಗಿನ ಚೆಲುವು ಇನ್ನೊಂದು ಬಗೆ. ಕ್ಯಾಂಪಿನ ಹಿಂದೆ ಪೂರ್ವಕ್ಕೆ ಬೆಟ್ಟಸಾಲು ಇರುವುದರಿಂದ ಬಿಸಿಲು ಮೊದಲು ಬೀಳುವುದು ಬಹುದೂರದ ನೀರಿನ ಮೇಲೆ. ನಾವು ನೆರಳಿನಲ್ಲಿ ನಡುಗುತ್ತ ಕಾಫಿ ಹಿಡಿದು ನಿಂತಿರುವಾಗ, ಬೆಳಕು ಅಲೆಯಿಂದ ಅಲೆಗೆ ದಾಟುತ್ತ ನಮ್ಮ ಕಡೆ ಬರುತ್ತದೆ.

ಕೆಳಗಿಳಿದು ಮರಳಿನ ಮೇಲೆ ದಕ್ಷಿಣಕ್ಕೆ ಮೈಲಿಯಷ್ಟು ನಡೆದರೆ ಅಲಮಿಯರ್ ಜಲಪಾತ. ಸುಮಾರು 40 ಅಡಿ ಎತ್ತರದ ಶೇಲ್ ಬಂಡೆಯಿಂದ ತೊರೆ ನೇರ ಕಡಲತೀರಕ್ಕೇ ಬೀಳುತ್ತದೆ. ಇಂಥ ಜಲಪಾತಗಳು ಲೋಕದಲ್ಲಿ ವಿರಳ. ಬಿದ್ದ ನೀರು ಮರಳಿನಲ್ಲಿ ಕವಲೊಡೆದು ಹರಿಯುತ್ತಿರುವಾಗಲೇ ಅಲೆಯೊಂದು ಬಂದು ಕಾಲುವೆಗಳನ್ನೆಲ್ಲ ಅಳಿಸುತ್ತದೆ. ತೊರೆ ತಡಮಾಡದೆ ಹೊಸ ದಾರಿ ತೋಡುತ್ತದೆ. ಇಳಿತದ ವೇಳೆ ನೋಡಿಕೊಂಡೇ ಹೋಗಬೇಕು. ಭರತ ಏರಿದರೆ ದಂಡೆಗೂ ನೀರಿಗೂ ನಡುವೆ ನಿಲ್ಲಲು ಜಾಗವಿರುವುದಿಲ್ಲ, ಆ ನೀರೋ ಕೊರೆಯುವಷ್ಟು ತಣ್ಣಗೆ.

ಹಗಲಿಗೆ ಬಂದು ಹೋಗುವವರು ಪಾಲೊಮರಿನ್ ಎಂಬ ಇನ್ನೊಂದು ಕಡೆಯಿಂದ ದೂರ ನಡೆದು ಜಲಪಾತ ಮುಟ್ಟುವಾಗ ಹೊತ್ತೇರಿರುತ್ತದೆ, ಹಿಂತಿರುಗುವ ಚಿಂತೆಯೂ ಜೊತೆಗಿರುತ್ತದೆ. ಅದಕ್ಕೇ ಕ್ಯಾಂಪಿನಲ್ಲಿ ತಂಗಲು ಪರವಾನಗಿ ತೆಗೆಯುವಾಗ ಎರಡು ರಾತ್ರಿಗೆ ತೆಗೆಯಿರಿ ಎನ್ನುತ್ತೇನೆ. ಮೊದಲ ಸಂಜೆ ದಣಿದ ಹೆಗಲಿಗೆ ಹೋಗುತ್ತದೆ. ಎರಡನೆಯ ದಿನ ಬೆನ್ನ ಮೇಲೆ ಭಾರವಿಲ್ಲ, ಎಲ್ಲಿಗೂ ಮುಟ್ಟಬೇಕಾದ್ದಿಲ್ಲ. ಇಳಿತ ಮುಂಜಾನೆಗಿದ್ದರೆ ಮುಂಜಾನೆಯೇ, ಮಧ್ಯಾಹ್ನಕ್ಕಿದ್ದರೆ ಮಧ್ಯಾಹ್ನವೇ ಜಲಪಾತಕ್ಕೆ ಹೊರಡಬಹುದು.