ಕಾನಿನ ನೆಲವೂ ಉಪಗ್ರಹದ ಲೆಕ್ಕವೂ

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 1987ರಿಂದ ಪ್ರಕಟಿಸುತ್ತ ಬಂದಿರುವ ಅರಣ್ಯ ಸ್ಥಿತಿ ವರದಿಯು ಕಾಡನ್ನು ಮುಖ್ಯವಾಗಿ ಉಪಗ್ರಹ ಚಿತ್ರಗಳಿಂದ ಅಳೆಯುತ್ತದೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ಛಾವಣಿ, ಎಂದರೆ ಕೊಂಬೆ ಎಲೆಗಳು ಮೇಲಿನಿಂದ ನೆಲವನ್ನು ಮರೆಸುವ ಪ್ರಮಾಣ, ಶೇ. 10 ಇದ್ದರೆ ಸಾಕು, ಒಡೆತನ ಯಾರದೇ ಇರಲಿ, ಮರ ಯಾವುದೇ ಇರಲಿ, ಅದು ಅರಣ್ಯ ಹೊದಿಕೆ ಎನಿಸಿಕೊಳ್ಳುತ್ತದೆ, ಶೇ. 70 ಮುಟ್ಟಿದ್ದು ಅತಿ ದಟ್ಟ ಅರಣ್ಯವಾಗುತ್ತದೆ. ಇಡೀ ದೇಶವನ್ನು ಒಂದೇ ಮಾನದಿಂದ ಅಳೆದು, ಎಲ್ಲಿ ಮರ ಹೋಯಿತೆಂಬುದನ್ನು ಸುಲಭವಾಗಿ ತೋರಿಸುವ ಈ ಕ್ರಮದ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಸೊರಬ ತಾಲ್ಲೂಕಿನ ಕ್ಯಾಸನೂರಿನ ಸುತ್ತಲ ಸೀಮೆಗೆ ಈ ಮಾನವೊಂದೇ ಸಾಲದು. ಇಲ್ಲಿ ಕಾನು, ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟ, ಅಡಿಕೆ ತೋಟ, ಅಕೇಶಿಯಾ ನೆಡುತೋಪುಗಳು ಒಂದರ ಮಗ್ಗುಲಿಗೆ ಒಂದು ಇವೆ. ಮೆಣಸಿನ ಬಳ್ಳಿ ಹಬ್ಬಿದ ನಿತ್ಯಹರಿದ್ವರ್ಣದ ಕಾನುಗಳನ್ನು ಕುರಿತು ಬ್ರಿಟಿಷ್ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರ್ಯಾಂಟ್ 1868ರಲ್ಲೇ ಜಂಟಿ ವರದಿ ಬರೆದಿದ್ದರು. ಅಂಥ ಕಾನೂ ವರ್ಷವಿಡೀ ಹಸಿರಾಗಿರುವ ಅಕೇಶಿಯಾ ತೋಪೂ, ಸುಮಾರು 23.5 ಮೀಟರ್ ಚೌಕದ ಬಿಂದುಗಳಿಂದಾದ ಚಿತ್ರದಲ್ಲಿ, ಒಂದೇ ವರ್ಗಕ್ಕೆ ಬೀಳಬಹುದು. ಸಸ್ಯ ಸೂಚ್ಯಂಕದ ನೆರವೂ ಪೂರ್ತಿ ಒದಗದು: ಎಲೆಗಳು ಕೆಂಪು ಬೆಳಕನ್ನು ಹೀರಿ ಅವಕೆಂಪು ಕಿರಣವನ್ನು ಮರಳಿಸುವುದನ್ನು ಆಧರಿಸಿದ ಈ ಅಳತೆ, ಛಾವಣಿ ದಟ್ಟವಾದಂತೆ ಒಂದು ಹಂತದಲ್ಲಿ ಏರುವುದನ್ನೇ ನಿಲ್ಲಿಸುತ್ತದೆ.

ನೆಲಕ್ಕೆ ಬಗ್ಗಿ ನೋಡಿದರೆ ಅಂತರ ಸ್ಪಷ್ಟ. ಒಂದು ಮೀಟರ್ ಚೌಕಟ್ಟನ್ನು ಕಾನಿನೊಳಗೆ ಇಟ್ಟರೆ ಕೊಳೆಯುತ್ತಿರುವ ದರಕು, ಎಂದರೆ ಉದುರಿದ ಎಲೆ, ಅದರಡಿಯ ತೇವದ ಕಪ್ಪು ಮಣ್ಣು, ಹಲವು ಜಾತಿಯ ಸಸಿಗಳು ಲೆಕ್ಕಕ್ಕೆ ಸಿಗುತ್ತವೆ. ಅಕೇಶಿಯಾದಡಿ ಬೇಗ ಕರಗದ ಒಣ ಎಲೆಯ ಹಾಸು, ತೆರವಿದ್ದಲ್ಲಿ ಲಂಟಾನ.

ಈ ಊರಿನ ಮಟ್ಟಿಗೆ ನೆಲದ ಲೆಕ್ಕ ಬರಿಯ ಸಸ್ಯಶಾಸ್ತ್ರದ ಕುತೂಹಲವಲ್ಲ. 1957ರಲ್ಲಿ ಇಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳ ಮರಿಗಳು ಬೇಸಗೆಯ ದಿನಗಳಲ್ಲಿ ಇದೇ ದರಕಿನಲ್ಲಿ, ಇದೇ ಕುರುಚಲಿನಲ್ಲಿ ಇರುತ್ತವೆ. ದರಕು, ಸೌದೆಗೆ ಹೋಗುವವರಿಗೆ ಅವು ತಗಲುವುದೂ ಇಲ್ಲಿಯೇ. ಕಾಡು ಕಡಿದು ಗದ್ದೆ ಮಾಡಿದ್ದಕ್ಕೂ ರೋಗಕ್ಕೂ ಇರುವ ನಂಟನ್ನು ಸಂಶೋಧಕ ಬೊಶೆಲ್ 1969ರಲ್ಲೇ ಚರ್ಚಿಸಿದ್ದರು. ಹಾಗಿದ್ದೂ ಕಾಡಿನ ಅಂಚು, ಪೊದೆ, ದರಕಿನ ದಪ್ಪ ಇವುಗಳನ್ನು ಬಿಟ್ಟು ಛಾವಣಿಯ ಶೇಕಡಾವಾರನ್ನಷ್ಟೇ ನೆಚ್ಚುವುದು ದೊಡ್ಡ ಕೊರತೆ. ಉಪಗ್ರಹದ ನಕ್ಷೆಯನ್ನು ಬೇಲಿಯ ಗೆರೆಯಾಗಿ ಇಟ್ಟುಕೊಂಡು, ಕಾನು, ಬೆಟ್ಟ, ತೋಪುಗಳಲ್ಲಿ ಗುರುತು ಹಾಕಿದ ಕಾಯಂ ಚೌಕಗಳನ್ನು ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಗೆಯಲ್ಲೊಮ್ಮೆ ಅಳೆಯಬೇಕು. ದರಕು ಗುಡಿಸುವ ಊರವರಿಗೆ ಯಾವ ಅಂಚಿನಲ್ಲಿ ಪೊದೆ ಏರಿದೆಯೆಂಬುದು ಮೊದಲೇ ಗೊತ್ತಿರುವುದರಿಂದ, ಚೌಕಗಳ ಜಾಗವನ್ನು ಅವರೊಡನೆ ಕೂತು ಆರಿಸುವುದು ಸರಿಯಾದ ಕ್ರಮ.